ವಿಧಾನ ನಕಲು ಮಾಡಿದ್ದಾಳಂತೆ

ಚಿತ್ರದುರ್ಗದಲ್ಲಿ ನಾನು ಓದಿದ ಡಿಗ್ರಿ ಕಾಲೇಜಿನ ಕಂಪ್ಯೂಟರ್ ಲ್ಯಾಬಿಗೆ ಚಪ್ಪಲಿ ಹಾಕಿಕೊಂಡು ಹೋಗುವಂತಿರಲಿಲ್ಲ. ಧೂಳು ಒಳಗೆ ಬಂದರೆ ಮಷೀನು ಕೆಡುತ್ತದೆ ಎಂದು ನಮ್ಮ ಲೆಕ್ಚರರ್ ಬಾಗಿಲಲ್ಲೇ ನಿಂತು ನಮ್ಮ ಕಾಲು ನೋಡುತ್ತಿದ್ದರು. ಅವರು ಮಾತ್ರ ಬೂಟು ಹಾಕಿಕೊಂಡೇ ಒಳಗೆಲ್ಲ ಓಡಾಡುತ್ತಿದ್ದರು. ತೊಂಬತ್ತರ ದಶಕದ ಕೊನೆಯ ವರ್ಷಗಳವು. ಇಡೀ ಕಾಲೇಜಿಗೆ ಇದ್ದದ್ದು ಬೆರಳೆಣಿಕೆಯ ಕಂಪ್ಯೂಟರು. ಹುಡುಗರು ಓಡಿಹೋಗಿ ಕುರ್ಚಿ ಹಿಡಿಯುತ್ತಿದ್ದರು. ನಾವು ಹುಡುಗಿಯರು ಅವರ ಬೆನ್ನ ಹಿಂದೆ ನಿಂತು, ಅವರ ಬೆರಳು ನೋಡಿ ಕಲಿಯಬೇಕಿತ್ತು. ಅದನ್ನು ನೆನೆದರೂ ಮೈ ಉರಿಯುತ್ತದೆ. ಆದರೆ ನಾನು ಹೇಳಹೊರಟಿರುವ ಸಿಟ್ಟು ಅದಲ್ಲ.

ನಾನು ಬಬ್ಬೂರಿನವಳು. ಅಪ್ಪ ಅಲ್ಲಿನ ಕೃಷಿ ಫಾರಂನಲ್ಲಿ ಕೆಲಸಕ್ಕಿದ್ದರು. ಹಿರಿಯೂರಿಗೆ ಬಂದು, ಅಲ್ಲಿಂದ ದಿನಾ ದುರ್ಗದ ಬಸ್ಸು ಹಿಡಿದು ಕಾಲೇಜಿಗೆ ಹೋಗುತ್ತಿದ್ದೆ. ಹಾಜರಿಯಲ್ಲಿ ನನ್ನ ಹಿಂದಿನ ನಂಬರಿನವಳು ಧರ್ಮಪುರದ ಕಡೆಯ ಒಂದು ಹಳ್ಳಿಯವಳು. ಅಪ್ಪ ಅಮ್ಮ ಇಬ್ಬರೂ ಕೂಲಿಗೆ ಹೋಗುವವರು. ಅವಳು ದುರ್ಗದಲ್ಲೇ ಸರ್ಕಾರಿ ಹಾಸ್ಟೆಲಿನಲ್ಲಿದ್ದಳು. ಮಾತಿನಲ್ಲಿ ತೆಲುಗಿನ ಎಳೆತ ಇತ್ತು. ಲೆಕ್ಚರರ್ ಅದನ್ನು ಅಣಕಿಸಿ ಹಾಜರಿ ಕೂಗುತ್ತಿದ್ದರು. ಅವಳು ಅಣಕಕ್ಕೆ ತಕ್ಕ ಗಟ್ಟಿದನಿಯಲ್ಲೇ ‘ಎಸ್ ಸಾರ್’ ಅನ್ನುತ್ತಿದ್ದಳು. ನಂಬರು ಅಕ್ಕಪಕ್ಕ ಇದ್ದದ್ದರಿಂದ ಲ್ಯಾಬಿನಲ್ಲಿ ನಾವಿಬ್ಬರೂ ಒಂದೇ ಮಷೀನಿಗೆ ಬಿದ್ದೆವು. ಗೆಳೆತನ ಹಾಗೇ ಶುರುವಾಯಿತು.

ಎರಡನೇ ವರ್ಷ ನಮಗೆ ಸಿ ಭಾಷೆ ಇತ್ತು. ಅದರಲ್ಲಿ ಪಾಯಿಂಟರ್ ಎಂಬ ಅಧ್ಯಾಯ ಬಂದಾಗ ಲೆಕ್ಚರರ್ ನೋಟ್ಸ್ ತೆಗೆದು ಡಿಕ್ಟೇಷನ್ ಕೊಟ್ಟರು. ‘ಫಂಕ್ಷನ್ ಎಂದರೆ ಹೆಸರು ಹಿಡಿದು ಕರೆದಾಗ ಒಂದು ಕೆಲಸ ಮಾಡಿಕೊಡುವ ತುಂಡು ಪ್ರೋಗ್ರಾಂ. ಅರೇ ಎಂದರೆ ಒಂದರ ಪಕ್ಕ ಒಂದು ಸಾಲಾಗಿ ಕೂತ ಸಂಖ್ಯೆಗಳು, ಒಂದೊಂದಕ್ಕೂ ಒಂದು ಮನೆ. ಪಾಯಿಂಟರ್ ಎಂದರೆ ವಿಳಾಸ ಇಟ್ಟುಕೊಳ್ಳುವ ಜಾಗ. ಅರೇಯ ಹೆಸರು ಅದರ ಮೊದಲ ಮನೆಯ ವಿಳಾಸ. ಅಂಡರ್‌ಲೈನ್ ಮಾಡಿ.’ ಅರೇಯ ಒಂದು ಭಾಗದ ಮೇಲೆ ಮಾತ್ರ ಕೆಲಸ ಮಾಡಬೇಕಾದರೆ ಆ ಭಾಗವನ್ನು ಇನ್ನೊಂದು ಅರೇಗೆ ನಕಲಿಳಿಸಬೇಕು, ಅಲ್ಲಿ ಕೆಲಸ ಮುಗಿಸಿ, ಮತ್ತೆ ಮೊದಲ ಅರೇಗೆ ತಂದು ತುಂಬಬೇಕು. ಇದು ಅವರ ಪಾಠ. ಲ್ಯಾಬ್ ರೆಕಾರ್ಡಿನಲ್ಲೂ ಹಾಗೇ ಬರೆಸಿದರು.

ನನ್ನ ಗೆಳತಿ ಎದ್ದು ನಿಂತಳು. ‘ಸಾರ್, ಹೆಸರಂದ್ರೆ ಮೊದಲ್ನೇ ಮನೆ ವಿಳಾಸ ಅಂದ್ರಲ್ಲ. ಅದ್ರ ಬದ್ಲು ಐದನೇ ಮನೆ ವಿಳಾಸ ಕೊಟ್ಟು ಫಂಕ್ಷನ್ ಕರೆದ್ರೆ ಏನಾಗ್ತೈತೆ? ಇನ್ನೊಂದು ಅರೇ ಯಾಕೆ ಬೇಕು?’

ಅವರು ಪುಸ್ತಕದಿಂದ ತಲೆ ಎತ್ತಿ ಅವಳನ್ನು ನೋಡಿದರು. ‘ಹಾಸ್ಟೆಲ್ ಊಟ ಜಾಸ್ತಿ ಆದಂಗಿದೆ. ಕೂತ್ಕೊ. ಪರೀಕ್ಷೆಗೆ ಬರಲ್ಲ ಅದು.’

ಕ್ಲಾಸಿಗೆ ಕ್ಲಾಸೇ ನಕ್ಕಿತು. ಉತ್ತರ ಗೊತ್ತಿದ್ದು ಹೇಳಲಿಲ್ಲವೋ, ಗೊತ್ತಿಲ್ಲದ್ದಕ್ಕೆ ಊಟದ ಮಾತು ಎತ್ತಿದರೋ ನನಗೆ ಇವತ್ತಿಗೂ ತಿಳಿಯದು. ಎರಡರಲ್ಲಿ ಯಾವುದಾದರೂ ಅಸಹ್ಯವೇ.

ಒಂದು ಮಧ್ಯಾಹ್ನ ಯಾವುದೋ ಕ್ರಿಕೆಟ್ ಪಂದ್ಯ ಇತ್ತು. ಹುಡುಗರೆಲ್ಲ ಟಿವಿ ಇರುವ ಹೋಟೆಲಿಗೆ ಓಡಿದರು. ಲ್ಯಾಬು ಖಾಲಿ. ಪ್ರೋಗ್ರಾಂ ಬರೆಯುವ ಆ ನೀಲಿ ಪರದೆಯ ಮುಂದೆ ಮೊದಲ ಸಲ ನಾವಿಬ್ಬರೇ ಕುರ್ಚಿ ಎಳೆದುಕೊಂಡು ಕೂತೆವು. ಅವಳು ಹತ್ತು ಸಂಖ್ಯೆಗಳ ಒಂದು ಅರೇ ಬರೆದಳು, ಹೆಸರು a. ಅದನ್ನು ಕ್ರಮವಾಗಿ ಜೋಡಿಸುವ ಒಂದು ಫಂಕ್ಷನ್ ಬರೆದಳು. ಕರೆಯುವಾಗ a ಎಂದು ಕೊಡುವ ಬದಲು a + 4 ಎಂದು, ಅಂದರೆ ಐದನೇ ಮನೆಯ ವಿಳಾಸ ಕೊಟ್ಟು, ಪಕ್ಕದಲ್ಲಿ ಆರು ಮನೆ ಎಂದು ಬರೆದಳು. ಓಡಿಸಿದರೆ ಮೊದಲ ನಾಲ್ಕು ಸಂಖ್ಯೆ ಇದ್ದಲ್ಲೇ ಇದ್ದವು. ಉಳಿದ ಆರು ಮಾತ್ರ ಚಿಕ್ಕದರಿಂದ ದೊಡ್ಡದಕ್ಕೆ ಸಾಲಾಗಿ ನಿಂತಿದ್ದವು. ಇನ್ನೊಂದು ಅರೇ ಇಲ್ಲ, ನಕಲಿಳಿಸುವುದಿಲ್ಲ, ಏನೂ ಇಲ್ಲ.

ನನಗೆ ತಲೆ ಕೆಟ್ಟಿತು. ‘ಫಂಕ್ಷನ್‌ಗೆ ಹೆಂಗೆ ಗೊತ್ತಾಯ್ತೇ, ಅರ್ಧದಿಂದ ಶುರು ಮಾಡ್ಬೇಕು ಅಂತ?’

‘ಅದಕ್ಕೆ ಗೊತ್ತೇ ಇಲ್ಲ ಕಣೇ. ಅದೇ ಮಜಾ.’ ಅವಳ ಕಣ್ಣು ಹೊಳೆಯುತ್ತಿದ್ದವು. ‘ನಾವು ಶೇಂಗಾ ಹೊಲಕ್ಕೆ ಕಳೆ ತೆಗೆಯಾಕೆ ಹೋಗ್ತೀವಲ್ಲ, ಯಜಮಾನ ಏನಂತಾನೆ? ಇಗಾ, ಈ ಸಾಲಿಂದ ಹಿಡ್ದು ಆರು ಸಾಲು ನಿಂದು ಅಂತಾನೆ. ಹೊಲ ಎಲ್ಲಿಂದ ಶುರು ಐತೆ ಅಂತ ನಾನ್ಯಾಕೆ ಕೇಳ್ಲಿ? ಅವ್ನು ತೋರ್ಸಿದ್ದೇ ನಂಗೆ ಮೊದಲ್ನೇ ಸಾಲು. ಫಂಕ್ಷನ್‌ಗೂ ಹಂಗೇ. ನಾವು ತೋರ್ಸಿದ ಮನೆನೇ ಅದಕ್ಕೆ ಸೊನ್ನೆ ನಂಬರು.’

‘ಆರು ಮುಗಿದ ಮೇಲೂ ಮುಂದಕ್ಕೆ ಹೋದ್ರೆ?’

‘ಹೋಗ್ತೈತೆ. ತಡೆಯೋರ್ಯಾರು? ಪಕ್ಕದೋರ ಹೊಲಕ್ಕೆ ಕಾಲಿಟ್ಟಂಗೆ. ಸಿ ಬಾಯಿ ಬಿಡಲ್ಲ. ಅದಕ್ಕೇ ಎಷ್ಟು ಅಂತ ನಾವೇ ಹೇಳಿ ಕಳಿಸ್ಬೇಕು.’

ಒಂದೊಂದು ಸಂಖ್ಯೆಗೂ ಎರಡು ಬೈಟ್ ಜಾಗ ಬೇಕಲ್ಲ, ನಾಲ್ಕು ಕೂಡಿಸಿದರೆ ನಾಲ್ಕು ಬೈಟ್, ಅಂದರೆ ಎರಡೇ ಮನೆ ಮುಂದೆ ಹೋಗಬೇಕಿತ್ತಲ್ಲ ಎಂದು ನಾನು ತಕರಾರು ತೆಗೆದೆ. ಅವಳು ವಾದ ಮಾಡಲಿಲ್ಲ. a, a + 4 ಎರಡೂ ವಿಳಾಸಗಳನ್ನು ಪರದೆಯ ಮೇಲೆ ಮುದ್ರಿಸಿ ತೋರಿಸಿದಳು. ನಡುವಿನ ಅಂತರ ಎಂಟು ಇತ್ತು. ‘ನೋಡು, ಅದು ಬೈಟ್ ಎಣಿಸಲ್ಲ, ಮನೆ ಎಣಿಸ್ತೈತೆ’ ಅಂದಳು. ಆ ಮಧ್ಯಾಹ್ನ ನಾನು ಸಿ ಕಲಿತೆ. ಆ ವರ್ಷ ಬೇರೆ ಯಾರೂ ನನಗೆ ಅದನ್ನು ಕಲಿಸಲಿಲ್ಲ.

ಪ್ರಾಕ್ಟಿಕಲ್ ಪರೀಕ್ಷೆಯ ದಿನ ಬೇರೆ ಊರಿನ ಕಾಲೇಜಿನಿಂದ ಒಬ್ಬರು ಪರೀಕ್ಷಕರು ಬಂದಿದ್ದರು. ಚೀಟಿ ಎತ್ತಿ ಪ್ರಶ್ನೆ ಆರಿಸಿಕೊಳ್ಳಬೇಕು. ನನಗೆ ಬಂದದ್ದು, ಇಪ್ಪತ್ತು ಸಂಖ್ಯೆಗಳ ಅರೇಯಲ್ಲಿ ಹೇಳಿದ ಎರಡು ಸ್ಥಾನಗಳ ನಡುವಿನ ಭಾಗವನ್ನು ಏರಿಕೆಯ ಕ್ರಮಕ್ಕೆ ತರುವುದು. ಅವಳಿಗೆ ಬಂದದ್ದು, ಅಂಥದೇ ಒಂದು ಭಾಗವನ್ನು, ಕೊನೆಯದು ಮೊದಲಿಗೆ ಬರುವಂತೆ, ತಿರುಗಾಮುರುಗಾ ಮಾಡುವುದು. ನಾವು ಕೂತದ್ದು ಕೋಣೆಯ ಎರಡು ತುದಿಯಲ್ಲಿ. ಇಬ್ಬರೂ ಆ ಮಧ್ಯಾಹ್ನದ ದಾರಿಯಲ್ಲೇ ಬರೆದೆವು.

ಪರೀಕ್ಷಕರು ಮೊದಲು ನನ್ನ ಹತ್ತಿರ ಬಂದರು. ಪರದೆ ನೋಡಿ ಮುಖ ಅರಳಿತು. ‘ಬಹಳ ಚೊಕ್ಕ ಬರೆದಿದ್ದೀಯಮ್ಮ. ಎಲ್ಲಿ ಕಲಿತೆ?’

‘ಅವಳು ಹೇಳಿಕೊಟ್ಟದ್ದು ಸಾರ್’ ಎಂದು ಆ ತುದಿಗೆ ಕೈ ತೋರಿಸಿದೆ. ನನಗೆ ಹೆಮ್ಮೆಯಾಗಿತ್ತು. ಅವಳಿಗೂ ಒಳ್ಳೆಯದಾಗಲಿ ಎಂದೇ ಹೇಳಿದೆ.

ನಮ್ಮ ಲೆಕ್ಚರರ್ ಸರಸರ ಅವಳ ಮಷೀನಿನ ಹತ್ತಿರ ನಡೆದರು. ಬಗ್ಗಿ ನೋಡಿದರು. ‘ಓಹೋ, ಇಲ್ಲೂ ಇದೇ. ಸಾರ್, ಈ ಹುಡುಗಿ ನಕಲು ಮಾಡಿದ್ದಾಳೆ.’

ನಾನು ಎದ್ದು ನಿಂತೆ. ‘ಸಾರ್, ಪ್ರಶ್ನೆನೇ ಬೇರೆ. ನಕಲು ಹೆಂಗಾಗುತ್ತೆ?’

‘ಪ್ರಶ್ನೆ ಬೇರೆ. ವಿಧಾನ ನಕಲು ಮಾಡಿದ್ದಾಳೆ.’

ಈ ಮಾತನ್ನು ಅವರು ನ್ಯಾಯಾಧೀಶರ ಗತ್ತಿನಲ್ಲಿ ಹೇಳಿದರು. ನನ್ನದನ್ನು ನೋಡಿ ಅವಳು ಬರೆದಿದ್ದಾಳೆ, ಅದು ಖಾತ್ರಿ. ಅವಳದನ್ನು ನೋಡಿ ನಾನು ಬರೆದಿರಬಹುದು ಎಂಬುದು ಅವರ ತಲೆಗೆ ಹೊಳೆಯಲೇ ಇಲ್ಲ. ಅವಳು ಹೇಳಿಕೊಟ್ಟದ್ದು ಎಂದು ನಾನೇ ಬಾಯಿ ಬಿಟ್ಟು ಹೇಳಿದ್ದೆ, ಅದೂ ಕಿವಿಗೆ ಬೀಳಲಿಲ್ಲ. ‘ಗೆಳತೀನ ಉಳಿಸಿಕೊಳ್ಳೋಕೆ ಹೇಳ್ತಿದಾಳೆ ಸಾರ್. ಹಾಸ್ಟೆಲ್‌ನವರಿಗೆ ಇದೆಲ್ಲ ಎಲ್ಲಿಂದ ಬರ್ಬೇಕು?’ ಎಂದು ಪರೀಕ್ಷಕರ ಕಡೆ ತಿರುಗಿ ನಕ್ಕರು. ಹಾಸ್ಟೆಲ್‌ನವರು ಅಂದರೆ ಯಾವ ಕೇರಿಯವರು ಎಂದು ಆ ಕೋಣೆಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಹಾಗಾಗಿಯೇ ಆ ಪದ ಬಳಸಿದ್ದು.

ಪರೀಕ್ಷಕರು ಅವಳನ್ನು ಮೆತ್ತಗೆ ಕೇಳಿದರು, ‘ನೀನೇ ಬರೆದಿದ್ದಾದರೆ ಬೋರ್ಡಿನ ಮೇಲೆ ವಿವರಿಸಮ್ಮ. ಮುಗಿದುಹೋಗುತ್ತೆ.’

ಅವಳು ಕೂತಲ್ಲಿಂದ ಏಳಲಿಲ್ಲ. ‘ಅವಳ್ನ ಬೋರ್ಡಿಗೆ ಕರೆದ್ರಾ ಸಾರ್?’

‘ಏನು?’

‘ಅವಳು ಬರೆದದ್ದು ಅವಳ್ದೇ ಅಂತ ನೋಡಿದ ತಕ್ಷಣ ನಂಬಿದ್ರಿ. ನಂದು ನಂದೇ ಅಂತ ನಾನ್ಯಾಕೆ ತೋರಿಸ್ಬೇಕು? ಅವಳ್ನೂ ಕರೀರಿ, ಆಮೇಲೆ ನಾನೂ ಬರ್ತೀನಿ. ಇಲ್ಲ ಅಂದ್ರೆ ಪ್ರೋಗ್ರಾಂ ಇಲ್ಲೇ ಐತೆ, ಓಡ್ಸಿ ನೋಡ್ರಿ.’

ನಾನು ಬೋರ್ಡಿನ ಕಡೆ ಹೊರಟೆ. ‘ನೀನು ಕೂತ್ಕೊ’ ಎಂದು ಲೆಕ್ಚರರ್ ಗದರಿದರು. ಪರೀಕ್ಷಕರು ಅವಳ ಪ್ರೋಗ್ರಾಂ ಓಡಿಸಿದರು. ಎರಡು ಸ್ಥಾನ ಕೊಟ್ಟರು, ನಡುವಿನ ಭಾಗ ತಿರುಗಿತು. ಇನ್ನೆರಡು ಕೊಟ್ಟರು, ಮತ್ತೆ ಸರಿ. ಆಗ ಲೆಕ್ಚರರ್ ‘ಇರಿ ಸಾರ್’ ಎಂದು ಕೀಬೋರ್ಡು ತಮ್ಮ ಕಡೆ ಎಳೆದುಕೊಂಡು, ಹದಿನೈದರಿಂದ ಮೂವತ್ತೈದರವರೆಗೆ ಎಂದು ಕೊಟ್ಟರು. ಅರೇಯಲ್ಲಿ ಇದ್ದದ್ದೇ ಇಪ್ಪತ್ತು ಮನೆ. ಮಷೀನು ಗಕ್ಕನೆ ನಿಂತಿತು. ಯಾವ ಕೀಲಿ ಒತ್ತಿದರೂ ಅಲ್ಲಾಡಲಿಲ್ಲ.

‘ನೋಡಿದ್ರಾ! ತಪ್ಪು ಪ್ರೋಗ್ರಾಂ. ಮಷೀನನ್ನೇ ಕೆಡಿಸಿಬಿಟ್ಟಳು.’

‘ಅರೇ ಬಿಟ್ಟು ಹೊರಗೆ ಕಳಿಸಿದೋರು ನೀವು ಸಾರ್’ ಅಂದಳು ಅವಳು. ‘ನೀವು ಬರೆಸಿರೋ ಪ್ರೋಗ್ರಾಂಗೂ ಇದನ್ನೇ ಕೊಡ್ರಿ. ಅದೂ ಹಿಂಗೇ ಕೆಡ್ತೈತೆ.’

ಅದು ನಿಜ. ಸ್ಥಾನ ಅರೇಯ ಒಳಗಿದೆಯೇ ಎಂದು ಮೊದಲೇ ಪರೀಕ್ಷಿಸುವ ಒಂದು ಸಾಲು ಅವಳು ಬರೆಯಬೇಕಿತ್ತು, ನಾನೂ ಬರೆಯಬೇಕಿತ್ತು. ಲೆಕ್ಚರರ್ ಬರೆಸಿದ ಯಾವ ಪ್ರೋಗ್ರಾಮಿನಲ್ಲೂ ಅಂಥ ಸಾಲು ಇರಲಿಲ್ಲ. ನನ್ನ ಪ್ರೋಗ್ರಾಮಿಗೆ ಯಾರೂ ಮೂವತ್ತೈದು ಕೊಟ್ಟು ನೋಡಲಿಲ್ಲ. ಲೆಕ್ಚರರ್ ಕೆಂಪು ಪೆನ್ನು ತೆಗೆದು ಅವಳ ಉತ್ತರಪತ್ರಿಕೆಯ ಮೇಲೆ ಅಡ್ಡಗೆರೆ ಎಳೆದರು. ಪರೀಕ್ಷಕರು ಪೆನ್ನಿನ ಮುಚ್ಚಳ ತೆಗೆಯುತ್ತ ಹಾಕುತ್ತ ನಿಂತಿದ್ದರು. ಅವರಿಗೆ ಎಲ್ಲ ಅರ್ಥವಾಗಿತ್ತು, ಮುಖದಲ್ಲೇ ಕಾಣುತ್ತಿತ್ತು. ‘ನಿಮ್ಮ ವಿದ್ಯಾರ್ಥಿ, ನಿಮಗೆ ಗೊತ್ತಿರುತ್ತೆ’ ಎಂದು ಸಹಿ ಹಾಕಿದರು. ಲೆಕ್ಚರರ್ ಮೇಲಿರುವುದಕ್ಕಿಂತ ಒಂದು ಗುಂಜಿ ಹೆಚ್ಚು ಸಿಟ್ಟು ನನಗೆ ಆ ಮನುಷ್ಯನ ಮೇಲಿದೆ. ಗೊತ್ತಿಲ್ಲದೆ ತಪ್ಪು ಮಾಡುವವನಿಗೆ ಏನೋ ಒಂದು ನೆಪ ಇರುತ್ತದೆ.

ಅವಳು ಚಪ್ಪಲಿ ಮೆಟ್ಟಿಕೊಂಡು ಹಾಸ್ಟೆಲಿಗೆ ಹೋದಳು. ನಾನು ನೆಟ್ಟಗೆ ಪ್ರಿನ್ಸಿಪಾಲರ ಕೋಣೆಗೆ ನುಗ್ಗಿದೆ. ‘ಇಬ್ಬರದೂ ಒಂದೇ ವಿಧಾನ ಸಾರ್. ಅವಳದು ನಕಲಾದರೆ ನನ್ನದೂ ನಕಲು. ನನ್ನದನ್ನೂ ಹೊಡೆದುಹಾಕಿ.’ ಅವರು ಚಹಾ ಕುಡಿಯುತ್ತಿದ್ದರು. ಲೋಟ ಕೆಳಗಿಡದೆ, ‘ನಾಳೆ ನಿಮ್ಮ ತಂದೇನ ಕರ್ಕೊಂಡು ಬಾ’ ಎಂದರು.

ಮರುದಿನ ಅಪ್ಪ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಂದರು. ಬಸ್ಸಿನಲ್ಲಿ ನಾನು ನಡೆದದ್ದನ್ನೆಲ್ಲ ಹೇಳಿದ್ದೆ. ‘ಹೌದಾ? ಛೇ’ ಎಂದು ಕೇಳಿಸಿಕೊಂಡಿದ್ದರು. ನನ್ನ ಪರ ಮಾತಾಡುತ್ತಾರೆ ಎಂದು ನಂಬಿಕೊಂಡು ಒಳಗೆ ಹೋದೆ. ಪ್ರಿನ್ಸಿಪಾಲರು, ‘ನಿಮ್ಮ ಮಗಳು ಒಳ್ಳೆ ಹುಡುಗಿ. ಸಹವಾಸ ಸರಿ ಇಲ್ಲ’ ಎಂದರು. ಅಪ್ಪ ಕೈ ಮುಗಿದು, ‘ತಪ್ಪಾಯ್ತು ಸಾರ್. ಹುಡುಗು ಬುದ್ಧಿ. ಮನಸಿಗೆ ಹಾಕ್ಕಬ್ಯಾಡ್ರಿ’ ಅಂದುಬಿಟ್ಟರು.

ಹಿಂದಿರುಗುವಾಗ ಬಸ್ಸಿನಲ್ಲಿ ನಾನು ಬೇರೆ ಸೀಟಿನಲ್ಲಿ ಕೂತೆ. ಹಿರಿಯೂರಿನಲ್ಲಿ ಇಳಿದ ಮೇಲೆ ಅಪ್ಪ ಹತ್ತಿರ ಬಂದು, ‘ನಿನ್ ಡಿಗ್ರಿ ಉಳೀಲಿ ಅಂತ ಹಂಗಂದೆ ಕಣವ್ವ’ ಎಂದರು.

‘ಅವಳ ಡಿಗ್ರಿ?’ ಎಂದೆ.

ಅಪ್ಪ ಹಣ್ಣಿನ ಗಾಡಿಯ ಹತ್ತಿರ ಹೋಗಿ ಬಾಳೆಹಣ್ಣು ಕೊಂಡು ತಂದು ಕೊಟ್ಟರು. ನಾನು ತಿನ್ನಲಿಲ್ಲ. ಅಪ್ಪ ಕೆಟ್ಟವರಲ್ಲ, ಹೆದರಿದವರು. ಆದರೆ ಹೆದರಿಕೆಯ ಬೆಲೆಯನ್ನು ಆ ದಿನ ತೆತ್ತವಳು ಬೇರೆಯವರ ಮಗಳು. ಇದನ್ನು ಅವರಿಗೆ ಹಲವು ಸಲ ಹೇಳಿದ್ದೇನೆ. ಪ್ರತಿ ಸಲವೂ ಅವರು ಎದ್ದು ಹೊರಗೆ ಹೋಗುತ್ತಾರೆ.

ಅವಳು ಪ್ರಾಕ್ಟಿಕಲ್ಲಿನಲ್ಲಿ ಫೇಲಾದಳು. ನನಗೆ ಕ್ಲಾಸಿನಲ್ಲೇ ಹೆಚ್ಚು ಅಂಕ ಬಂತು. ಮೂರನೇ ವರ್ಷ ಇಬ್ಬರೂ ಒಟ್ಟಿಗೇ ಓದಿದೆವು, ಆದರೆ ಮರುಪರೀಕ್ಷೆಯ ಬ್ಯಾಚು ತುಂಬಿಲ್ಲ, ಪರೀಕ್ಷಕರು ಸಿಕ್ಕಿಲ್ಲ ಎಂದು ಕಾಲೇಜಿನವರು ಅವಳನ್ನು ಸತಾಯಿಸಿದರು. ಕೊನೆಗೂ ಪರೀಕ್ಷೆ ನಡೆಯುವಷ್ಟರಲ್ಲಿ ನಾನು ಎಂ.ಎಸ್ಸಿ.ಗೆ ಸೇರಿ ಆಗಿತ್ತು. ಅರ್ಜಿ ಹಾಕುವ ಕಾಲ ಅವಳಿಗೆ ತಪ್ಪಿಹೋಯಿತು. ಆ ಸಲ ಬಂದ ಪರೀಕ್ಷಕಿ ವಯಸ್ಸಾದ ಹೆಂಗಸು. ನನ್ನ ಗೆಳತಿ ಮತ್ತೆ ಅದೇ ವಿಧಾನದಲ್ಲಿ ಬರೆದಳಂತೆ. ಕೆಂಪು ಗೆರೆ ಬಿದ್ದ ದಾರಿಯನ್ನೇ ಮತ್ತೆ ಹಿಡಿಯಲು ಎಷ್ಟು ಎದೆ ಬೇಕು! ‘ಎಷ್ಟು ಮನೆ ಅಂತ ಬೇರೆಯಾಗಿ ಯಾಕೆ ಹೇಳಿ ಕಳಿಸ್ತೀಯ?’ ಎಂದು ಆಕೆ ಕೇಳಿದರಂತೆ. ‘ಫಂಕ್ಷನ್ ಕೈಗೆ ಹೋಗೋದು ಬರೀ ವಿಳಾಸ ಮೇಡಂ. ಅಲ್ಲಿ ಸೈಜ್ ಕೇಳಿದ್ರೆ ವಿಳಾಸದ ಸೈಜ್ ಹೇಳ್ತೈತೆ, ಅರೇದಲ್ಲ’ ಎಂದಳಂತೆ. ಆಕೆ ಮುಂದೆ ಏನೂ ಕೇಳದೆ ಪೂರಾ ಅಂಕ ಕೊಟ್ಟರು.

ಗಣಕ ವಿಜ್ಞಾನ ಅವಳಿಗೆ ಅಲ್ಲಿಗೆ ಮುಗಿಯಿತು. ಒಂದು ವರ್ಷ ಊರಿನಲ್ಲಿದ್ದು, ಬಿ.ಎಡ್. ಮಾಡಿ, ಹೊಸದುರ್ಗ ತಾಲ್ಲೂಕಿನ ಒಂದು ಹೈಸ್ಕೂಲಿಗೆ ಗಣಿತದ ಟೀಚರಾಗಿ ಸೇರಿದಳು.

ನಾನು ಎಂ.ಎಸ್ಸಿ. ಮುಗಿಸಿ ಹೊಳಲ್ಕೆರೆಯ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾದೆ. ಎರಡು ಸಾವಿರದ ಆಚೆಯ ವರ್ಷಗಳು. ಅಲ್ಲಿ ಯಾರೂ ಚಪ್ಪಲಿ ಬಿಡಬೇಕಾಗಿಲ್ಲ ಎಂದು ಮೊದಲ ದಿನವೇ ಹೇಳಿದೆ. ಪಾಯಿಂಟರ್ ಪಾಠವನ್ನು ಶೇಂಗಾ ಸಾಲಿನಿಂದಲೇ ಶುರು ಮಾಡುತ್ತಿದ್ದೆ. ಹೊಳಲ್ಕೆರೆ ಕಡೆಯ ಮಕ್ಕಳಿಗೆ ಮೆಕ್ಕೆಜೋಳದ ಸಾಲು ಎಂದರೆ ಇನ್ನೂ ಬೇಗ ತಿಳಿಯುತ್ತಿತ್ತು.

ಒಂದು ವರ್ಷ ಪ್ರಾಕ್ಟಿಕಲ್ ಪರೀಕ್ಷೆಗೆ ಹೊರಗಿನ ಪರೀಕ್ಷಕರಾಗಿ ಬಂದವರು ಅದೇ ನಮ್ಮ ಲೆಕ್ಚರರ್. ಕೂದಲು ಬೆಳ್ಳಗಾಗಿತ್ತು. ನನ್ನನ್ನು ಗುರುತಿಸಿ, ‘ನನ್ನ ಶಿಷ್ಯೆ’ ಎಂದು ಎಲ್ಲರೆದುರು ಬೀಗಿದರು. ಹೊರಕೆರೆದೇವರಪುರದಿಂದ ಬರುತ್ತಿದ್ದ ಒಬ್ಬ ಹುಡುಗಿ ಅರೇಯ ನಡುವಿನ ಭಾಗದ ಮೊತ್ತ ತೆಗೆಯುವ ಪ್ರೋಗ್ರಾಂ ಬರೆದಿದ್ದಳು. ನಡುವಿನ ಮನೆಯ ವಿಳಾಸ ಕೊಟ್ಟು, ಅದಕ್ಕೂ ಮೊದಲು ಸ್ಥಾನ ಸರಿಯಿದೆಯೇ ಎಂದು ಪರೀಕ್ಷಿಸಿ ಅಚ್ಚುಕಟ್ಟಾಗಿ ಮಾಡಿದ್ದಳು. ಅವರು ಚಪ್ಪಾಳೆ ತಟ್ಟುವುದೊಂದು ಬಾಕಿ.

‘ವೆರಿ ಗುಡ್! ಇದೇ ಸರಿಯಾದ ವಿಧಾನ. ನನ್ನ ಲ್ಯಾಬ್ ಮ್ಯಾನ್ಯುಯಲ್‌ನಲ್ಲೂ ಇದೇ ಇದೆ. ನೋಡಿದ್ದೀಯಾ?’

‘ಇಲ್ಲ ಸಾರ್, ಮೇಡಂ ಹೇಳಿಕೊಟ್ರು’ ಎಂದಳು ಹುಡುಗಿ.

ಅವರು ಬ್ಯಾಗಿನಿಂದ ಅಚ್ಚು ಹಾಕಿಸಿದ ಆ ಮ್ಯಾನ್ಯುಯಲ್ ತೆಗೆದು ನನ್ನ ಕೈಗಿಟ್ಟರು. ಅದರಲ್ಲಿ ಅರೇಯ ಒಂದು ಭಾಗವನ್ನು ತಿರುಗಾಮುರುಗಾ ಮಾಡುವ ಪ್ರೋಗ್ರಾಂ ಇತ್ತು. ಇನ್ನೊಂದು ಅರೇ ಇಲ್ಲ, ನಕಲಿಳಿಸುವುದಿಲ್ಲ. ಆ ಪುಟ ತೆರೆದು ಅವರ ಮುಂದೆ ಹಿಡಿದೆ.

‘ಇದನ್ನ ಯಾರಿಂದ ಕಲಿತ್ರಿ ಸಾರ್?’

‘ಕಲಿಯೋದೇನು? ಎಲ್ಲ ಪುಸ್ತಕದಲ್ಲೂ ಇರೋದೇ.’

‘ಎಲ್ಲ ಪುಸ್ತಕದಲ್ಲೂ ಇತ್ತು ಅಂದ್ರೆ ಅವತ್ತು ಆ ಹುಡುಗಿ ಉತ್ತರಕ್ಕೆ ಯಾಕೆ ಅಡ್ಡಗೆರೆ ಎಳೆದ್ರಿ? ವಿಧಾನ ನಕಲು ಅಂದ್ರಲ್ಲ ಸಾರ್. ಈಗ ಇದು ಯಾರ ವಿಧಾನ?’

ಲ್ಯಾಬಿನಲ್ಲಿ ಕೀಲಿಮಣೆಯ ಸದ್ದು ನಿಂತಿತು. ನನ್ನ ದನಿ ಏರಿತ್ತು, ಇಳಿಸಲು ನನಗೆ ಇಷ್ಟವೂ ಇರಲಿಲ್ಲ. ನಡೆದದ್ದನ್ನೆಲ್ಲ ಅಲ್ಲೇ ಹೇಳಿದೆ. ಹಾಸ್ಟೆಲ್ ಊಟದ ಮಾತನ್ನೂ ಬಿಡಲಿಲ್ಲ. ಅವರು ಕನ್ನಡಕ ತೆಗೆದು ಒರೆಸಿಕೊಂಡು, ನಿಜವಾದ ಗೊಂದಲದಿಂದಲೇ ಕೇಳಿದರು, ‘ಯಾರಮ್ಮ ಅದು? ನಂಗೆ ನೆನಪೇ ಇಲ್ಲ.’

ಅವರು ಸುಳ್ಳು ಹೇಳುತ್ತಿರಲಿಲ್ಲ. ಅದನ್ನೇ ನನಗೆ ಸಹಿಸಲಾಗಲಿಲ್ಲ. ಒಬ್ಬಳ ದಾರಿ ಮುರಿದ ಆ ದಿನ ಅವರ ಪಾಲಿಗೆ ಇನ್ನೊಂದು ಪರೀಕ್ಷೆ ಅಷ್ಟೇ ಆಗಿತ್ತು. ಮ್ಯಾನ್ಯುಯಲ್ ಅವರ ಮುಂದೆ ಇಟ್ಟು ಹೊರಗೆ ಬಂದೆ. ಆ ವರ್ಷದ ನಂತರ ಆ ಕಾಲೇಜಿನವರು ನನ್ನನ್ನು ಮತ್ತೆ ಕರೆಯಲಿಲ್ಲ. ಹಿರಿಯರೊಂದಿಗೆ ಹೇಗೆ ಮಾತಾಡಬೇಕೆಂದು ಗೊತ್ತಿಲ್ಲದವಳು ಎಂದರಂತೆ.

ಅದಾದ ಸ್ವಲ್ಪ ದಿನಕ್ಕೆ ಹೊಸದುರ್ಗಕ್ಕೆ ಹೋಗಿ ಅವಳನ್ನು ಕಂಡೆ. ಬಸ್ ಸ್ಟ್ಯಾಂಡಿನ ಪಕ್ಕದ ಹೋಟೆಲಿನಲ್ಲಿ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತರಿಸಿಕೊಂಡು ಕೂತೆವು. ಎಲ್ಲ ಹೇಳಿದೆ. ಅವಳು ಸಿಟ್ಟಾಗುತ್ತಾಳೆ, ಅಳುತ್ತಾಳೆ, ನಾನೂ ಅತ್ತು ಹಗುರಾಗಬಹುದು ಎಂದೇನೋ ಅಂದುಕೊಂಡಿದ್ದೆ. ಅವಳು ಕೊನೆಯವರೆಗೆ ಕೇಳಿಸಿಕೊಂಡು, ‘ಆ ದೇವರಪುರದ ಹುಡುಗಿಗೆ ಮಾರ್ಕ್ಸ್ ಕೊಟ್ರಾ?’ ಎಂದಳು.

‘ಪೂರಾ ಕೊಟ್ರು.’

‘ಕೊಟ್ರಲ್ಲ. ನಂಗೆ ಅದು ಸಾಕು ಕಣೇ. ಅವ್ರಿಗೆ ನನ್ ನೆನಪು ಇಲ್ದಿದ್ರೆ ಇಲ್ಲ ಬಿಡು. ನಂಗೆ ಅವ್ರು ನೆನಪಿದಾರೆ. ನಮ್ ಸ್ಕೂಲಾಗೆ ಯಾವ ಹುಡುಗಿ ಎದ್ದು ಪ್ರಶ್ನೆ ಕೇಳಿದ್ರೂ ನೆನಪಾಗ್ತಾರೆ.’

‘ನಿಂಗೆ ಸಿಟ್ಟು ಬರಲ್ವೇನೇ?’

ಅವಳು ಬಜ್ಜಿ ಮುರಿಯುತ್ತಿದ್ದವಳು ನಿಲ್ಲಿಸಿ ನನ್ನ ಮುಖ ನೋಡಿದಳು. ‘ದಿನಾ ಸಿಟ್ಟು ಮಾಡ್ಕಂಡು ಕುಂತ್ರೆ ನಾನು ಪಾಠ ಮಾಡೋದು ಯಾವಾಗ? ನಿಂಗೆ ಆಗ್ತೈತೆ, ನೀನು ಮಾಡ್ಕ.’

ಅದರಲ್ಲಿ ಕೊಂಕು ಇತ್ತೋ ಸಲಿಗೆ ಇತ್ತೋ ನನಗೆ ತಿಳಿಯಲಿಲ್ಲ. ಆಮೇಲೆ ಅವಳು ತನ್ನ ಹತ್ತನೇ ಕ್ಲಾಸಿನ ಫಲಿತಾಂಶದ ಬಗ್ಗೆ, ಶಾಲೆಗೆ ಬಂದು ಪೆಟ್ಟಿಗೆಯಲ್ಲೇ ಕೊಳೆಯುತ್ತಿರುವ ಕಂಪ್ಯೂಟರುಗಳ ಬಗ್ಗೆ, ಅವು ಇರುವ ಕೋಣೆಯ ಬೀಗದ ಕೈ ಕೊಡದ ಹೆಡ್‌ಮಾಸ್ಟರ ಬಗ್ಗೆ ಮಾತಾಡಿದಳು. ‘ಬೀಗ ಒಡಿಸ್ತೀನಿ ನೋಡ್ತಿರು’ ಎಂದಳು. ಅವಳ ಶಾಲೆಯಿರುವ ಊರಿನ ಬಸ್ಸು ಬಂತು. ಹತ್ತಿ ಕಿಟಕಿಯಿಂದ ಕೈ ಬೀಸಿದಳು. ನಾನು ಬಸ್ ಸ್ಟ್ಯಾಂಡಿನಲ್ಲಿ ಒಬ್ಬಳೇ ನಿಂತಿದ್ದೆ, ಹಲ್ಲು ಕಚ್ಚಿಕೊಂಡು.